ಬಟೇವಿಯದ ಕೋಳಿಗಳು ತಿಂದದ್ದೇನು?

ನಿಮ್ಮ ಮನೆಯ ಹಿತ್ತಿಲಲ್ಲಿ ಒಂದು ಕೋಳಿ ಇದೆ ಎಂದಿಟ್ಟುಕೊಳ್ಳಿ. ಮಾರುವುದಕ್ಕೋ ಅಡುಗೆಗೋ ಸಾಕಿದ್ದಲ್ಲ. ಮಕ್ಕಳು ಹೆಸರಿಟ್ಟು, ಅಂಗೈಯಿಂದ ಕಾಳು ತಿನ್ನಿಸಿ ಬೆಳೆಸಿದ್ದು. ನಿನ್ನೆಯವರೆಗೆ ತಿಪ್ಪೆ ಕೆದಕುತ್ತ ಓಡಾಡಿಕೊಂಡಿದ್ದ ಅದು ಇಂದು ಬೆಳಿಗ್ಗೆ ಮಂಕಾಗಿ ಕುಳಿತಿದೆ. ಎಬ್ಬಿಸಿದರೆ ತೂರಾಡುತ್ತದೆ. ನಾಲ್ಕು ಹೆಜ್ಜೆ ಇಟ್ಟು ಮಗ್ಗುಲಿಗೆ ಬೀಳುತ್ತದೆ. ಮೈಮೇಲೆ ಗಾಯವಿಲ್ಲ, ಭೇದಿ ಇಲ್ಲ, ಉಸಿರಿನಲ್ಲಿ ಗೊರಗೊರ ಇಲ್ಲ. ಏನಾಯಿತು ಇದಕ್ಕೆ?

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಂದ ಬರುವ ಮೊದಲ ಮಾತು 'ಯಾವುದೋ ರೋಗ ತಗುಲಿದೆ' ಎಂಬುದು. ರೋಗ ಬರುತ್ತದೆ, ತಗುಲುತ್ತದೆ, ಅಂಟುತ್ತದೆ. ನಾವು ಬಳಸುವ ಈ ಕ್ರಿಯಾಪದಗಳನ್ನು ಗಮನಿಸಿ. ಹೊರಗಿನಿಂದ ಏನೋ ಒಂದು ಬಂದು ಒಳಹೊಕ್ಕರೆ ಮಾತ್ರ ಕಾಯಿಲೆ ಎಂಬ ಎಣಿಕೆ ಅವುಗಳಲ್ಲಿ ಅಡಗಿದೆ. ಬರಬೇಕಾದದ್ದು ಬಾರದೆ ಹೋದರೂ ಕಾಯಿಲೆ ಬೀಳಬಹುದೆಂದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ.

ವಿಜ್ಞಾನಿಗಳಿಗೂ ಅದು ಹೊಳೆದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಅವರಿಗೆ ತೋರಿಸಿಕೊಟ್ಟದ್ದು ಜಾವಾ ದ್ವೀಪದ ಒಂದು ಪ್ರಯೋಗಾಲಯದ ಅಂಗಳದಲ್ಲಿ ತೂರಾಡಿ ಬೀಳುತ್ತಿದ್ದ ಕೆಲವು ಕೋಳಿಗಳು. ಅವುಗಳ ಕಥೆಯನ್ನು ವಿಟಮಿನ್ನುಗಳ ಪಾಠದಲ್ಲಿ ನೀವು ಒಂದೆರಡು ವಾಕ್ಯಗಳಲ್ಲಿ ಓದಿರಬಹುದು, ಹೇಳಿಕೊಟ್ಟಿರಬಹುದು. ಆದರೆ ಆ ಒಂದೆರಡು ವಾಕ್ಯಗಳಲ್ಲಿ ಬಿಟ್ಟುಹೋಗುವ ಸಂಗತಿಗಳೇ ಹೆಚ್ಚು ಕಲಿಸುತ್ತವೆ.

ಕಾಲು ಸೋಲುವ ರೋಗ

ಇಂದಿನ ಇಂಡೊನೇಷ್ಯ ಆಗ ಡಚ್ಚರ ವಸಾಹತು. ಇಂದಿನ ಜಕಾರ್ತದ ಹೆಸರು ಆಗ ಬಟೇವಿಯ. 1873ರಿಂದ ಡಚ್ಚರು ಸುಮಾತ್ರಾದ ಅಚೆ ಪ್ರಾಂತ್ಯದಲ್ಲಿ ಯುದ್ಧದಲ್ಲಿ ತೊಡಗಿದ್ದರು. ಅಲ್ಲಿ ಅವರ ಸೈನಿಕರನ್ನು ಶತ್ರುವಿನ ಗುಂಡಿನ ಜೊತೆಗೆ ಒಂದು ವಿಚಿತ್ರ ರೋಗವೂ ಕಾಡುತ್ತಿತ್ತು. ಮೊದಲು ಕಾಲುಗಳಲ್ಲಿ ಜೋಮು, ಆಮೇಲೆ ನಿಶ್ಶಕ್ತಿ, ನಡಿಗೆ ತಪ್ಪುವುದು. ಕೆಲವರಲ್ಲಿ ಮೈಯೆಲ್ಲ ಬಾವು, ಏದುಸಿರು. ಕೊನೆಗೆ ಹೃದಯ ಸೋತು ಸಾವು. ಇದೇ ಬೆರಿಬೆರಿ. ಸೈನ್ಯದ ಬ್ಯಾರಕ್ಕು, ಹಡಗು, ಸೆರೆಮನೆ, ಹುಚ್ಚಾಸ್ಪತ್ರೆಗಳಲ್ಲಿ, ಅಂದರೆ ಬೇರೆಯವರು ಬಡಿಸಿದ್ದನ್ನು ಉಣ್ಣಬೇಕಾದ ಜನ ಒಟ್ಟಾಗಿರುವ ಕಡೆಗಳಲ್ಲೆಲ್ಲ ಅದರ ಹಾವಳಿ.

ಒಟ್ಟಾಗಿರುವ ಕಡೆ ಹರಡುವ ರೋಗವೆಂದರೆ ಅಂಟುರೋಗವೇ ಇರಬೇಕು ತಾನೆ? ಆ ಕಾಲವನ್ನು ನೆನಪಿಗೆ ತಂದುಕೊಳ್ಳಿ. ಪಾಸ್ತರ್ ಕೋಳಿಯ ಕಾಲರಾಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಬೆಳೆಸಿ, ಅದನ್ನು ದುರ್ಬಲಗೊಳಿಸಿ ಲಸಿಕೆ ಮಾಡಬಹುದೆಂದು 1880ರಲ್ಲಿ ತೋರಿಸಿದ್ದರು. ಕಾಖ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನು ಪತ್ತೆಮಾಡಿದ್ದರು. ವರ್ಷಕ್ಕೊಂದು ರೋಗದ ರಹಸ್ಯ ಸೂಕ್ಷ್ಮದರ್ಶಕದ ಅಡಿಯಲ್ಲಿ ಬಯಲಾಗುತ್ತಿತ್ತು. ಬೆರಿಬೆರಿಯ ರೋಗಾಣುವೂ ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆಂದು ಎಲ್ಲರೂ ನಂಬಿದ್ದರು.

ಅದನ್ನು ಹುಡುಕಲೆಂದೇ 1886ರಲ್ಲಿ ಡಚ್ ಸರ್ಕಾರ ಪೆಕೆಲ್‌ಹಾರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ತಜ್ಞರನ್ನು ಕಳುಹಿಸಿತು. ಅವರ ಸಹಾಯಕನಾಗಿ ಹೋದವನು ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಸೇನಾ ವೈದ್ಯ. 1858ರಲ್ಲಿ ಹುಟ್ಟಿದ ಐಕ್‌ಮನ್ ನರಗಳ ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದವನು. 1883ರಲ್ಲಿ ಇದೇ ವಸಾಹತಿಗೆ ಬಂದು, ಮಲೇರಿಯದಿಂದ ನರಳಿ ಸ್ವದೇಶಕ್ಕೆ ಮರಳಿದ್ದ. ಚೇತರಿಸಿಕೊಂಡ ಮೇಲೆ ಬರ್ಲಿನ್ನಿನಲ್ಲಿ ಕಾಖ್‌ರ ಬಳಿ ಬ್ಯಾಕ್ಟೀರಿಯಗಳನ್ನು ಬೆಳೆಸುವ ವಿದ್ಯೆ ಕಲಿತಿದ್ದ.

ಆಯೋಗ ಎರಡು ಕೆಲಸ ಮಾಡಿತು. ಬೆರಿಬೆರಿಯಲ್ಲಿ ಹಾಳಾಗುವುದು ಕೈಕಾಲುಗಳಿಗೆ ಹೋಗುವ ನರಗಳು ಎಂದು ಖಚಿತಪಡಿಸಿತು. ಇದು ಸರಿಯಾಗಿತ್ತು. ರೋಗಿಗಳ ರಕ್ತದಲ್ಲಿ ಒಂದು ದುಂಡಾಣು ಸಿಕ್ಕಿದೆ, ಅದೇ ಕಾರಣವಿರಬೇಕು ಎಂದೂ ವರದಿ ಮಾಡಿತು. ಇದು ತಪ್ಪಾಗಿತ್ತು. 1887ರಲ್ಲಿ ತಜ್ಞರಿಬ್ಬರು ಹಿಂದಿರುಗಿದರು. ಉಳಿದ ಕೆಲಸ ಮುಗಿಸಲು ಬಟೇವಿಯದ ಸೈನಿಕ ಆಸ್ಪತ್ರೆಯಲ್ಲಿ ಒಂದು ಪುಟ್ಟ ಪ್ರಯೋಗಾಲಯ ಏರ್ಪಟ್ಟಿತು. 1888ರ ಜನವರಿಯಲ್ಲಿ ಐಕ್‌ಮನ್ ಅದರ ನಿರ್ದೇಶಕರಾದರು.

ಹೋಲಿಕೆಗೆ ಒಂದೂ ಉಳಿಯಲಿಲ್ಲ

ರೋಗಾಣುವೇ ಕಾರಣ ಎನ್ನುವುದಾದರೆ ಅದನ್ನು ಆರೋಗ್ಯವಂತ ಪ್ರಾಣಿಗೆ ಚುಚ್ಚಿ ರೋಗ ಬರಿಸಿ ತೋರಿಸಬೇಕು. ಇದು ಕಾಖ್ ಹಾಕಿಕೊಟ್ಟ ನಿಯಮ. ಐಕ್‌ಮನ್ ಮೊಲಗಳ ಮೇಲೆ, ಕೋತಿಗಳ ಮೇಲೆ ಪ್ರಯತ್ನಿಸಿದರು. ಏನೂ ಆಗಲಿಲ್ಲ. ಆಮೇಲೆ ಕೋಳಿಗಳನ್ನು ಆರಿಸಿಕೊಂಡರು. ಕೋಳಿ ಅಗ್ಗ, ಬೇಕಾದಷ್ಟು ಸಿಗುತ್ತದೆ, ಸಾಕುವುದು ಸುಲಭ. ಅವು ತಿನ್ನುವುದು ಅಕ್ಕಿ ಎಂಬುದು ಆಗ ಮುಖ್ಯವೆನಿಸಿರಲಿಲ್ಲ.

1889ರ ಜುಲೈ 10ರಂದು ಕೋಳಿಗೂಡಿನಲ್ಲಿ ರೋಗ ಕಾಣಿಸಿಕೊಂಡಿತು. ಕೋಳಿಯ ನಡಿಗೆ ಅಸ್ಥಿರವಾಯಿತು. ಅಡ್ಡಗೋಲಿನ ಮೇಲೆ ಕೂರಲು ಕಾಲಿಗೆ ಹಿಡಿತ ಸಿಗುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಕಾಲು ಪೂರ್ತಿ ಸೋತು ಹಕ್ಕಿ ಮಗ್ಗುಲಿಗೆ ಬಿದ್ದುಬಿಡುತ್ತಿತ್ತು. ಸೋಲು ಕಾಲಿನಿಂದ ಮೇಲಕ್ಕೇರಿ ರೆಕ್ಕೆಗಳಿಗೂ ಕತ್ತಿಗೂ ಬರುತ್ತಿತ್ತು. ಉಸಿರು ನಿಧಾನವಾಗಿ, ಜುಟ್ಟು ನೀಲಿಗಟ್ಟಿ, ಮೈ ತಣ್ಣಗಾಗಿ ಕೋಳಿ ಸಾಯುತ್ತಿತ್ತು. ಕೊಯ್ದು ಪರೀಕ್ಷಿಸಿದಾಗ ನರಗಳು ಹಾಳಾಗಿದ್ದವು, ಬೆರಿಬೆರಿಯಿಂದ ಸತ್ತ ಮನುಷ್ಯನಲ್ಲಿ ಕಂಡಂತೆಯೇ.

ಇಷ್ಟು ಹೊತ್ತಿಗೆ ಐಕ್‌ಮನ್ ಗೆದ್ದೆನೆಂದು ಹಿಗ್ಗಬೇಕಿತ್ತು. ಆದರೆ ಒಂದು ತೊಡಕಿತ್ತು. ಚುಚ್ಚುಮದ್ದು ಕೊಟ್ಟ ಕೋಳಿಗಳು ಬಿದ್ದಂತೆಯೇ ಕೊಡದ ಕೋಳಿಗಳೂ ಬಿದ್ದವು. ಪ್ರಯೋಗದಲ್ಲಿ ಹೋಲಿಕೆಗೆಂದು ಒಂದು ಗುಂಪನ್ನು ಹಾಗೆಯೇ ಬಿಡುವುದು ಏಕೆಂದು ವಿದ್ಯಾರ್ಥಿಗಳು ಕೇಳುತ್ತಾರಲ್ಲ, ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಹೋಲಿಕೆಯ ಗುಂಪು ಇಲ್ಲದಿದ್ದರೆ ಐಕ್‌ಮನ್ ಅಂದೇ 'ಬೆರಿಬೆರಿಯ ರೋಗಾಣು' ಸಾಬೀತಾಯಿತೆಂದು ಬರೆದುಬಿಡುತ್ತಿದ್ದರೇನೋ! ಇಡೀ ಗೂಡಿಗೇ ಸೋಂಕು ಹಬ್ಬಿದೆಯೇ ಎಂಬ ಅನುಮಾನ ಮಾತ್ರ ಉಳಿಯಿತು.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ನವೆಂಬರ್ ಕೊನೆಯ ದಿನಗಳಲ್ಲಿ ರೋಗ ತಾನಾಗಿಯೇ ನಿಂತಿತು. ಬಿದ್ದಿದ್ದ ಕೋಳಿಗಳು ಎದ್ದವು. ಹೊಸದಾಗಿ ಒಂದೂ ಬೀಳಲಿಲ್ಲ. ಯಾವ ಔಷಧವನ್ನೂ ಕೊಟ್ಟಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ 'ಪೀಡೆ ತೊಲಗಿತು' ಎಂದು ನಿಟ್ಟುಸಿರು ಬಿಡುತ್ತಿದ್ದರು. ರೋಗ ಏಕೆ ಬಂತು ಎಂದು ಎಲ್ಲರೂ ಕೇಳುತ್ತಾರೆ; ಏಕೆ ಹೋಯಿತು ಎಂದು ಕೇಳುವವರು ಕಡಿಮೆ. ಐಕ್‌ಮನ್ ಕೇಳಿದರು.

ಅಡುಗೆಯವನ ಲೆಕ್ಕಾಚಾರ

ವಿಚಾರಿಸಿದಾಗ ಹೊರಬಿದ್ದ ಸಂಗತಿ ಇದು. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿ ಖರ್ಚು ಉಳಿಸಲೆಂದು ಆಸ್ಪತ್ರೆಯ ಅಡುಗೆಮನೆಯಿಂದ ಬೇಯಿಸಿದ ಅನ್ನ ತಂದು ಹಾಕುತ್ತಿದ್ದ. ಅದು ಸೈನಿಕರಿಗೆಂದು ಬಂದ, ಚೆನ್ನಾಗಿ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನ. ಮುಂದೆ ಅಡುಗೆಯವನು ಬದಲಾದ. ಹೊಸಬ ಕಟ್ಟುನಿಟ್ಟಿನ ಮನುಷ್ಯ. ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದು ಎಂದುಬಿಟ್ಟ. ಬೇರೆ ದಾರಿಯಿಲ್ಲದೆ ಕೋಳಿಗಳಿಗೆ ಮತ್ತೆ ಹಿಂದಿನ ಅಗ್ಗದ, ತೌಡು ಹೋಗದ ಅಕ್ಕಿಯೇ ಗತಿಯಾಯಿತು. ಸೈನ್ಯದ ಅನ್ನ ಅವುಗಳಿಗೆ ಸಿಕ್ಕಿದ್ದು ಜೂನ್ 17ರಿಂದ ನವೆಂಬರ್ 27ರವರೆಗೆ ಮಾತ್ರ.

ಈ ದಿನಾಂಕಗಳನ್ನು ಕಪ್ಪುಹಲಗೆಯ ಮೇಲೆ ಬರೆದು ನೋಡಿ. ಆಹಾರ ಬದಲಾದದ್ದು ಜೂನ್ 17. ರೋಗ ಕಂಡದ್ದು ಜುಲೈ 10. ನಡುವೆ 23 ದಿನ. ಆಹಾರ ಮತ್ತೆ ಬದಲಾದದ್ದು ನವೆಂಬರ್ 27. ರೋಗ ನಿಂತದ್ದು ಅದೇ ತಿಂಗಳ ಕೊನೆ. ಬೀಳಲು ಮೂರು ವಾರ, ಏಳಲು ಕೆಲವೇ ದಿನ. ಇದರ ಅರ್ಥ ಐಕ್‌ಮನ್ನರಿಗೆ ಆಗ ತಿಳಿಯುವಂತಿರಲಿಲ್ಲ. ನಿಮಗೆ ಮುಂದೆ ತಿಳಿಯುತ್ತದೆ.

ಆ ಸಿಬ್ಬಂದಿಯ ಹೆಸರಾಗಲಿ, ಇಬ್ಬರು ಅಡುಗೆಯವರ ಹೆಸರಾಗಲಿ ಈ ಕಥೆಯಲ್ಲಿ ಬರುವುದಿಲ್ಲ. ಆದರೆ ಕೋಳಿ ಏನು ತಿಂದಿತೆಂಬುದು ಗೊತ್ತಿದ್ದುದು ಅವರಿಗೆ, ನಿರ್ದೇಶಕರಿಗಲ್ಲ. ಸೂಕ್ಷ್ಮದರ್ಶಕದಲ್ಲಿ ಸಿಗದ ಉತ್ತರ ಕಾಳು ಹಾಕುವವರ ಬಳಿ ಇತ್ತು.

ಕಾಕತಾಳೀಯವೋ ಕಾರಣವೋ?

ಎರಡು ಘಟನೆಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕೆಂದಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟಿಲ್ಲದಿರಬಹುದು. ಅದನ್ನು ತಿಳಿಯಲು ಐಕ್‌ಮನ್ ಮುಂದಿನ ವರ್ಷಗಳನ್ನು ಕೋಳಿಗಳಿಗೆ ಆಹಾರ ಬದಲಿಸಿ ಬದಲಿಸಿ ನೋಡುವುದರಲ್ಲಿ ಕಳೆದರು.

ಪಾಲಿಶ್ ಅಕ್ಕಿಯನ್ನೇ ತಿಂದ ಕೋಳಿಗಳು ಮೂರು ನಾಲ್ಕು ವಾರಗಳಲ್ಲಿ ಬಿದ್ದವು. ತೌಡಿರುವ ಅಕ್ಕಿ ತಿಂದವು ಆರೋಗ್ಯವಾಗಿದ್ದವು. ಬಿದ್ದ ಕೋಳಿಗಳಿಗೆ ತೌಡು ಕೊಟ್ಟಾಗ ಅವು ಎದ್ದವು. ಅಕ್ಕಿ ಹಳತಾಗಿ ಕೆಟ್ಟಿತ್ತೇ? ಹೊಸ ಅಕ್ಕಿಯೂ ಹಾಗೆಯೇ ಮಾಡಿತು. ಬೇಯಿಸಿದ್ದೇ ತಪ್ಪೇ? ಹಸಿ ಪಾಲಿಶ್ ಅಕ್ಕಿಯೂ ಕಾಯಿಲೆ ತಂದಿತು. ಸಾಬಕ್ಕಿ, ಮರಗೆಣಸಿನ ಪಿಷ್ಟಗಳನ್ನೇ ಕೊಟ್ಟರೂ ಅದೇ ಗತಿ. ಭತ್ತದ ಹೊಟ್ಟಿನ ಕೆಳಗೆ, ಬಿಳಿಯ ಕಾಳಿನ ಮೇಲೆ ಒಂದು ತೆಳುವಾದ ಪೊರೆ ಇರುತ್ತದೆ. ಕೊಟ್ಟಣದಲ್ಲಿ ಕುಟ್ಟಿದ ಅಕ್ಕಿಯಲ್ಲಿ ಅದು ಬಹುಮಟ್ಟಿಗೆ ಉಳಿದು ಅಕ್ಕಿ ಕೆಂಪಗೆ ಅಥವಾ ಕಂದಾಗಿ ಕಾಣುತ್ತದೆ. ಹಬೆಯ ಯಂತ್ರದಿಂದ ನಡೆಯುವ ಗಿರಣಿಗಳು ಆ ಪೊರೆಯನ್ನು ಉಜ್ಜಿ ತೆಗೆದು ಮುತ್ತಿನಂಥ ಅಕ್ಕಿಯನ್ನು ಕೊಡತೊಡಗಿದ್ದವು. ಕೋಳಿಯ ಜೀವ ಉಳಿಸುವ ಏನೋ ಒಂದು ಆ ಪೊರೆಯಲ್ಲಿತ್ತು. ನೀರಿನಲ್ಲಿ ನೆನೆಸಿದರೆ ಅದು ನೀರಿಗೆ ಇಳಿಯುತ್ತಿತ್ತು.

ಇಷ್ಟೆಲ್ಲ ಸರಿಯಾಗಿ ಕಂಡ ಐಕ್‌ಮನ್ ಅದಕ್ಕೆ ಕೊಟ್ಟ ವಿವರಣೆ ಏನು ಗೊತ್ತೆ? ಪಿಷ್ಟದಲ್ಲಿ ನರಗಳಿಗೆ ಮಾರಕವಾದ ಒಂದು ವಿಷ ಇದೆ ಅಥವಾ ಹೊಟ್ಟೆಯಲ್ಲಿ ಉಂಟಾಗುತ್ತದೆ. ತೌಡಿನಲ್ಲಿ ಆ ವಿಷಕ್ಕೆ ಪ್ರತಿವಿಷ ಇದೆ! ರೋಗಾಣುವನ್ನು ಕೈಬಿಟ್ಟರೂ 'ಏನೋ ಒಂದು ಒಳಹೊಕ್ಕಿದೆ' ಎಂಬ ಎಣಿಕೆಯನ್ನು ಅವರಿಂದ ಬಿಡಲಾಗಲಿಲ್ಲ. ಆ ಕಾಲದ ಹಿಡಿತ ಅಂಥದು. ಬರಿಗಣ್ಣಿಗೆ ಕಂಡದ್ದು ಸರಿಯಿದ್ದರೂ ಅದಕ್ಕೆ ಹಚ್ಚಿದ ಅರ್ಥ ತಪ್ಪಬಹುದು.

ಸೆರೆಮನೆಗಳ ಲೆಕ್ಕ

ಕೋಳಿಯ ರೋಗಕ್ಕೂ ಮನುಷ್ಯನ ಬೆರಿಬೆರಿಗೂ ಏನು ಸಂಬಂಧ ಎಂದು ಕೇಳುವವರಿದ್ದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು ಮುಂದಾದವರು ಜಾವಾದ ನಾಗರಿಕ ಆರೋಗ್ಯ ಇಲಾಖೆಯ ಅಧಿಕಾರಿ ಅಡೋಲ್ಫ್ ವೋರ್ಡರ್‌ಮನ್. ಅಲ್ಲಿನ ಸೆರೆಮನೆಗಳಲ್ಲಿ ಆಯಾ ಊರಿನ ರೂಢಿಯಂತೆ ಅಕ್ಕಿ ಬೇರೆ ಬೇರೆಯಾಗಿತ್ತು. ಕೆಲವು ಕಡೆ ತೌಡಿರುವ ಅಕ್ಕಿ, ಕೆಲವು ಕಡೆ ಪಾಲಿಶ್ ಅಕ್ಕಿ, ಕೆಲವು ಕಡೆ ಎರಡರ ಮಿಶ್ರಣ. ಯಾರಿಗೂ ಹೊಸದಾಗಿ ಏನನ್ನೂ ತಿನ್ನಿಸಬೇಕಾಗಿರಲಿಲ್ಲ. ಇರುವುದನ್ನು ಎಣಿಸಿದರೆ ಸಾಕಿತ್ತು.

ವೋರ್ಡರ್‌ಮನ್ 101 ಸೆರೆಮನೆಗಳ ಮಾಹಿತಿ ಕಲೆಹಾಕಿ 1897ರಲ್ಲಿ ಪ್ರಕಟಿಸಿದರು. ಲೆಕ್ಕಕ್ಕೆ ಬಂದ ಕೈದಿಗಳು ಸುಮಾರು 2 ಲಕ್ಷ 80 ಸಾವಿರ. ತೌಡಿರುವ ಅಕ್ಕಿಯ 37 ಸೆರೆಮನೆಗಳ ಪೈಕಿ ಬೆರಿಬೆರಿ ಕಂಡದ್ದು 1ರಲ್ಲಿ. ಮಿಶ್ರ ಅಕ್ಕಿಯ 13ರಲ್ಲಿ 6 ಕಡೆ. ಪಾಲಿಶ್ ಅಕ್ಕಿಯ 51ರಲ್ಲಿ 36 ಕಡೆ. ತಲೆಲೆಕ್ಕದಲ್ಲಿ ಹೇಳುವುದಾದರೆ ಪಾಲಿಶ್ ಅಕ್ಕಿ ಉಂಡವರಲ್ಲಿ 39 ಜನರಿಗೆ ಒಬ್ಬನಂತೆ, ತೌಡಿರುವ ಅಕ್ಕಿ ಉಂಡವರಲ್ಲಿ 10,000 ಜನರಿಗೆ ಒಬ್ಬನಂತೆ ರೋಗ ಬಂದಿತ್ತು.

ವೋರ್ಡರ್‌ಮನ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಕಟ್ಟಡ ಹಳೆಯದೇ ಹೊಸದೇ, ಗಾಳಿ ಸರಾಗವಾಗಿ ಆಡುತ್ತದೆಯೇ, ಕೈದಿಗಳನ್ನು ಒತ್ತೊತ್ತಾಗಿ ತುಂಬಿದ್ದಾರೆಯೇ ಎಂಬುದನ್ನೂ ನೋಡಿದರು. ಇವು ಯಾವುವಕ್ಕೂ ರೋಗಕ್ಕೂ ಹೊಂದಿಕೆ ಕಾಣಲಿಲ್ಲ. ಅಂಕಿಅಂಶಗಳ ಪಾಠ ಮಾಡುವ ಶಿಕ್ಷಕರಿಗೆ ಇದು ಸೊಗಸಾದ ಉದಾಹರಣೆ. ಒಂದು ಕಾರಣವನ್ನು ಹೇಳುವ ಮೊದಲು ಉಳಿದ ಕಾರಣಗಳಿಗೂ ಅವಕಾಶ ಕೊಟ್ಟು ನೋಡಬೇಕು.

ಗ್ರೈನ್ಸ್ ಮತ್ತು ಹೆಸರುಕಾಳು

1896ರಲ್ಲಿ ಐಕ್‌ಮನ್ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದರು. ಬಟೇವಿಯದಲ್ಲಿ ಕೆಲಸ ಮುಂದುವರಿಸಿದವರು ಗೆರಿಟ್ ಗ್ರೈನ್ಸ್. ನಮ್ಮ ಪಠ್ಯಪುಸ್ತಕಗಳಲ್ಲಿ ಅಪರೂಪವಾಗಿರುವ ಈ ಹೆಸರನ್ನು ನೀವು ಬರೆದಿಟ್ಟುಕೊಳ್ಳಬೇಕು.

ಪಿಷ್ಟದಲ್ಲಿ ವಿಷವಿದೆ ಎನ್ನುವುದಾದರೆ ಪಿಷ್ಟವೇ ಇಲ್ಲದ ಆಹಾರ ಕೊಟ್ಟರೆ ರೋಗ ಬರಬಾರದು. ಗ್ರೈನ್ಸ್ ಕೋಳಿಗಳಿಗೆ ಮಾಂಸವನ್ನು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕೊಟ್ಟರು. ಪಿಷ್ಟದ ಸುಳಿವೇ ಇಲ್ಲ, ಆದರೂ ಕೋಳಿಗಳು ಬಿದ್ದವು! ವಿಷದ ವಾದ ಅಲ್ಲಿಗೆ ಮುರಿಯಿತು. ಇನ್ನೊಂದು ಕಡೆ, ತೌಡಿನಂತೆಯೇ ಗುಣ ಕೊಡುವ ಮತ್ತೊಂದು ಆಹಾರ ಅವರಿಗೆ ಸಿಕ್ಕಿತು. ಜಾವಾದ ಜನ ಅದನ್ನು 'ಕಚಾಂಗ್ ಇಜೊ' ಎನ್ನುತ್ತಾರೆ. ಅದು ಬೇರೇನಲ್ಲ, ನಮ್ಮ ಹೆಸರುಕಾಳು. ಆದರೆ ಹೆಸರುಕಾಳನ್ನೂ 120 ಡಿಗ್ರಿಗೆ ಕಾಯಿಸಿದರೆ ಅದರ ಗುಣ ಹೋಗುತ್ತಿತ್ತು.

1901ರಲ್ಲಿ ಗ್ರೈನ್ಸ್ ತಮ್ಮ ತೀರ್ಮಾನ ಬರೆದರು. ಸಹಜ ಆಹಾರಗಳಲ್ಲಿ ಕೆಲವು ಪದಾರ್ಥಗಳಿವೆ. ಅವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅವಿಲ್ಲದೆ ನರಮಂಡಲ ಕೆಲಸ ಮಾಡಲಾರದು. ಅವು ಸುಲಭವಾಗಿ ಹಾಳಾಗುತ್ತವೆ. ರೋಗ ಬರುವುದು ಏನೋ ಇರುವುದರಿಂದಲ್ಲ, ಏನೋ ಇಲ್ಲದಿರುವುದರಿಂದ. ಇಲ್ಲದಿರುವುದೂ ಕಾರಣವಾಗಬಲ್ಲದು ಎಂಬ ಈ ಮಾತನ್ನು ಐಕ್‌ಮನ್ನರೇ ಒಪ್ಪಿಕೊಳ್ಳಲು ಕೆಲವು ವರ್ಷ ಹಿಡಿಯಿತು.

ಇದಕ್ಕೂ ಮೊದಲೇ ಜಪಾನಿನ ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಆಹಾರದತ್ತ ಬೆರಳು ತೋರಿಸಿದ್ದರು. 1882–83ರ ಒಂದು ಯಾನದಲ್ಲಿ 376 ನಾವಿಕರ ಪೈಕಿ 169 ಮಂದಿಗೆ ಬೆರಿಬೆರಿ ಬಂದು 25 ಮಂದಿ ಸತ್ತಿದ್ದರು. 1884ರಲ್ಲಿ ಅದೇ ದಾರಿಯಲ್ಲಿ ಇನ್ನೊಂದು ಹಡಗನ್ನು ಮಾಂಸ, ಹಾಲು, ಬ್ರೆಡ್ಡು ಹೆಚ್ಚಿಸಿದ ಊಟದೊಂದಿಗೆ ಕಳುಹಿಸಿದಾಗ ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ತಕಾಕಿಯವರು ಪ್ರೋಟೀನಿನ ಕೊರತೆಯೇ ಕಾರಣವೆಂದುಕೊಂಡರು. ಅವರ ಚಿಕಿತ್ಸೆ ಸರಿಯಿತ್ತು, ವಿವರಣೆ ಸರಿಯಿರಲಿಲ್ಲ.

ಭಾರತದಿಂದ ಬಂದ ಅಕ್ಕಿ

ಈ ಕಥೆಯಲ್ಲಿ ನಮ್ಮ ನಾಡಿನ ಅಕ್ಕಿಗೂ ಒಂದು ಪಾತ್ರವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲಯದ ತೋಟ, ಗಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಚೀನೀಯರೂ ಇದ್ದರು, ದಕ್ಷಿಣ ಭಾರತದಿಂದ ಹೋದ ತಮಿಳರೂ ಇದ್ದರು. ಚೀನೀಯರನ್ನು ಬೆರಿಬೆರಿ ಕಾಡುತ್ತಿತ್ತು. ತಮಿಳರಿಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ. ಚೀನೀಯರು ಉಣ್ಣುತ್ತಿದ್ದುದು ಸಯಾಮಿನಿಂದ ಬಂದ ಬಿಳಿ ಅಕ್ಕಿ. ತಮಿಳರದ್ದು ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ ಮಾಡಿದ ಅಕ್ಕಿ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ಅವರ ದಿನನಿತ್ಯದ ಕುಚ್ಚಲಕ್ಕಿಯೇ. 1905–06ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿ ಕೊಟ್ಟು ನೋಡಿದರು. ಬಿಳಿ ಅಕ್ಕಿಯ ಗುಂಪಿನಲ್ಲಿ ಬೆರಿಬೆರಿ ಹರಡಿ ಹಲವರು ಸತ್ತರು. ಕುಚ್ಚಲಕ್ಕಿಯ ಗುಂಪಿನಲ್ಲಿ ಅದರಿಂದ ಯಾರೂ ಸಾಯಲಿಲ್ಲ. ತಮ್ಮ ಒಪ್ಪಿಗೆ ಹೇಳಲಾರದ ರೋಗಿಗಳ ಮೇಲೆ ಇಂಥ ಪ್ರಯೋಗ ಮಾಡುವುದನ್ನು ಇಂದಿನ ಯಾವ ನೀತಿಸಂಹಿತೆಯೂ ಒಪ್ಪದು ಎಂಬುದನ್ನೂ ಪಾಠ ಮಾಡುವಾಗ ಹೇಳಬೇಕು.

ಕುಚ್ಚಲಕ್ಕಿ ಏಕೆ ಕಾಪಾಡುತ್ತದೆ? ಐಕ್‌ಮನ್ ಕಂಡಂತೆ ಪೊರೆಯಲ್ಲಿರುವ ಸತ್ವ ನೀರಿನಲ್ಲಿ ಕರಗುತ್ತದೆ. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸುವಾಗ ಅದರ ಒಂದು ಪಾಲು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಯಲ್ಲಿ ಪೊರೆ ಹೋದರೂ ಆ ಪಾಲು ಕಾಳಿನಲ್ಲೇ ಉಳಿಯುತ್ತದೆ.

ಹಕ್ಕಿಯ ಮೆದುಳಿನಲ್ಲಿ ನಡೆದದ್ದು

ಮುಂದಿನದನ್ನು ವೇಗವಾಗಿ ಹೇಳಬಹುದು. 1912ರಲ್ಲಿ ಲಂಡನ್ನಿನಲ್ಲಿದ್ದ ಕಾಸಿಮಿರ್ ಫಂಕ್ ಇಂಥ ಪದಾರ್ಥಗಳಿಗೆಲ್ಲ 'ವಿಟಮೈನ್' ಎಂದು ಹೆಸರಿಟ್ಟರು. ಅವೆಲ್ಲ ಅಮೈನುಗಳಲ್ಲವೆಂದು ತಿಳಿದ ಮೇಲೆ ಆ ಹೆಸರು ತಿದ್ದುಪಡಿಯಾಗಿ 'ವಿಟಮಿನ್' ಎಂದು ಉಳಿಯಿತು. 1926ರಲ್ಲಿ ಯಾನ್ಸನ್ ಮತ್ತು ಡೊನಾಥ್ ಎಂಬ ವಿಜ್ಞಾನಿಗಳು ನೂರಾರು ಕಿಲೋಗ್ರಾಂ ತೌಡನ್ನು ಸಂಸ್ಕರಿಸಿ ಆ ಸತ್ವದ ಚಿಟಿಕೆಯಷ್ಟು ಹರಳುಗಳನ್ನು ಪಡೆದರು. ಎಲ್ಲಿ ಗೊತ್ತೆ? ಐಕ್‌ಮನ್ನರ ಕೋಳಿಗಳು ಬಿದ್ದ ಅದೇ ಬಟೇವಿಯದ ಪ್ರಯೋಗಾಲಯದಲ್ಲಿ. ಅದರ ಅಣುರಚನೆಯನ್ನು ಬಿಡಿಸಿ, 1936ರಲ್ಲಿ ಕೃತಕವಾಗಿ ತಯಾರಿಸಿದವರು ಅಮೆರಿಕದ ರಾಬರ್ಟ್ ವಿಲಿಯಮ್ಸ್. ಅವರು ಹುಟ್ಟಿದ್ದು 1886ರಲ್ಲಿ, ನಮ್ಮ ನೆರೆಯ ಆಂಧ್ರದ ನೆಲ್ಲೂರಿನಲ್ಲಿ. ಅಣುವಿನಲ್ಲಿ ಗಂಧಕವಿದ್ದುದರಿಂದ ಅದಕ್ಕೆ ಥಯಮಿನ್ ಎಂಬ ಹೆಸರು ಬಂತು. ಅದೇ ಬಿ1 ವಿಟಮಿನ್.

ಅದು ದೇಹದಲ್ಲಿ ಮಾಡುವ ಕೆಲಸವೇನು? ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಒಡೆದು ಪೈರುವೇಟ್ ಆಗುತ್ತದೆ. ಪೈರುವೇಟ್ ಮುಂದಕ್ಕೆ ಹೋಗಿ ಪೂರ್ತಿ ಶಕ್ತಿ ಬಿಡುಗಡೆ ಮಾಡಬೇಕಾದರೆ ಒಂದು ಕಿಣ್ವ ಬೇಕು; ಆ ಕಿಣ್ವಕ್ಕೆ ಸಹಾಯಕವಾಗಿ ಥಯಮಿನ್ ಬೇಕು. ಥಯಮಿನ್ ಇಲ್ಲದಿದ್ದರೆ ಪೈರುವೇಟ್ ಅಲ್ಲಿಯೇ ಒಟ್ಟಾಗುತ್ತದೆ. ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ 1930ರ ದಶಕದಲ್ಲಿ ಪಾರಿವಾಳಗಳ ಮೆದುಳಿನಲ್ಲಿ ಇದನ್ನು ತೋರಿಸಿದರು. ನರಗಳೂ ಮೆದುಳೂ ಮುಖ್ಯವಾಗಿ ಗ್ಲೂಕೋಸನ್ನೇ ನಂಬಿರುವುದರಿಂದ ಮೊದಲು ಸೋಲುವುದು ಅವೇ.

ಈಗ ಆ ದಿನಾಂಕಗಳಿಗೆ ಮರಳೋಣ. ಥಯಮಿನ್ನನ್ನು ದೇಹ ಹೆಚ್ಚು ಕೂಡಿಡಲಾರದು. ಸಂಗ್ರಹ ಕೆಲವು ವಾರಗಳಲ್ಲಿ ಬರಿದಾಗುತ್ತದೆ. ಆ 23 ದಿನಗಳು ಕೋಳಿಯ ಮೈಯೊಳಗಿನ ಉಗ್ರಾಣ ಖಾಲಿಯಾಗಲು ಹಿಡಿದ ಕಾಲ. ನರ ಪೂರ್ತಿ ಹಾಳಾಗುವ ಮೊದಲು ತೌಡು ಮತ್ತೆ ಸಿಕ್ಕರೆ ನಿಂತಿದ್ದ ಕಿಣ್ವ ಕೂಡಲೇ ಚಾಲೂ ಆಗುತ್ತದೆ. ಹಾಗಾಗಿ ಏಳಲು ಕೆಲವೇ ದಿನ ಸಾಕು. ಇನ್ನೂ ಒಂದು ಸ್ವಾರಸ್ಯ. ಪಿಷ್ಟ ಹೆಚ್ಚು ತಿಂದಷ್ಟೂ ಥಯಮಿನ್ ಹೆಚ್ಚು ಬೇಕು. ಐಕ್‌ಮನ್ನರ 'ಪಿಷ್ಟದ ವಿಷ' ತಪ್ಪಾದರೂ ಪಿಷ್ಟದ ಮೇಲೆ ಅವರಿಗೆ ಬಂದ ಅನುಮಾನ ಪೂರ್ತಿ ಹುಸಿಯಾಗಿರಲಿಲ್ಲ.

1929ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಐಕ್‌ಮನ್ ಮತ್ತು ಇಂಗ್ಲೆಂಡಿನ ಫ್ರೆಡರಿಕ್ ಹಾಪ್ಕಿನ್ಸ್ ಹಂಚಿಕೊಂಡರು. ಐಕ್‌ಮನ್ ಸ್ಟಾಕ್‌ಹೋಮಿಗೆ ಹೋಗಲಾಗದಷ್ಟು ಕಾಯಿಲೆಯಲ್ಲಿದ್ದರು, ಮರುವರ್ಷ ತೀರಿಕೊಂಡರು. ಸರಿಯಾದ ವಿವರಣೆ ಕೊಟ್ಟ ಗ್ರೈನ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ.

ಹಿತ್ತಿಲ ಕೋಳಿಯ ಬಳಿಗೆ

ಮೊದಲು ಹೇಳಿದ ನಿಮ್ಮ ಕೋಳಿ ಇನ್ನೂ ಮಗ್ಗುಲಿಗೆ ಬಿದ್ದೇ ಇದೆ. ಅದಕ್ಕೆ ಏನು ಮಾಡಬೇಕು?

ಬಟೇವಿಯದ ಕಥೆ ಕೇಳಿದ ಮಾತ್ರಕ್ಕೆ 'ಇದು ಬಿ1 ಕೊರತೆಯೇ' ಎಂದುಕೊಂಡರೆ ಐಕ್‌ಮನ್ನರ ಮೊದಲ ತಪ್ಪನ್ನೇ ನಾವು ತಿರುಗುಮುರುಗಾಗಿ ಮಾಡಿದಂತೆ. ಕೋಳಿಯ ಕಾಲು ಸೋಲಲು ಹಲವು ಕಾರಣಗಳಿವೆ. ರಾಣಿಖೇತ್ ರೋಗದಲ್ಲಿ ಕತ್ತು ತಿರುಚಿಕೊಳ್ಳುತ್ತದೆ, ಕಾಲುರೆಕ್ಕೆಗಳು ಸೋಲುತ್ತವೆ. ಅದು ವೈರಸ್ಸಿನಿಂದ ಬರುವಂಥದು, ಬೇಗ ಹರಡುತ್ತದೆ. ಮಾರೆಕ್ ರೋಗವೂ ವೈರಸ್ಸಿನದೇ. ಅದರಲ್ಲಿ ಹಲವು ವೇಳೆ ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಬಿ2 ಕೊರತೆಯಾದ ಮರಿಗಳಲ್ಲಿ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಬಿ1 ಕೊರತೆಯಲ್ಲಿ ಹಕ್ಕಿ ಕತ್ತನ್ನು ಬೆನ್ನಿನ ಕಡೆಗೆ ಬಾಗಿಸಿ ಆಕಾಶ ನೋಡುವಂತೆ ಕೂರುತ್ತದೆ. ಲಕ್ಷಣಗಳು ಒಂದರೊಳಗೊಂದು ಬೆರೆಯುವುದರಿಂದ ಬರಿಗಣ್ಣಿನಿಂದ ತೀರ್ಮಾನ ಕೂಡದು.

ಆದ್ದರಿಂದ ಕಾಯಿಲೆ ಬಿದ್ದ ಕೋಳಿಯನ್ನು ಮೊದಲು ಉಳಿದವುಗಳಿಂದ ಬೇರ್ಪಡಿಸಿ, ಬೆಚ್ಚಗಿನ ಜಾಗದಲ್ಲಿ ಒಣಹುಲ್ಲಿನ ಮೇಲೆ ಇಡಿ. ಅದು ನಡೆದು ಹೋಗಲಾರದು, ಹಾಗಾಗಿ ನೀರು, ಕಾಳು ಕೊಕ್ಕಿಗೆ ಎಟುಕುವಂತಿರಲಿ. ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಯಾವಾಗಿನಿಂದ ಮಂಕಾಯಿತು? ಕಳೆದ ಒಂದು ತಿಂಗಳಲ್ಲಿ ಏನು ತಿಂದಿತು? ಆಹಾರ ಯಾವತ್ತು ಬದಲಾಯಿತು, ಯಾರು ಬದಲಿಸಿದರು? ಉಳಿದ ಕೋಳಿಗಳು ಹೇಗಿವೆ? ಲಸಿಕೆ ಹಾಕಿಸಿದ್ದು ಯಾವಾಗ? ಯಾವ ಔಷಧ ಕೊಟ್ಟಿದ್ದೀರಿ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಕೋಳಿಗಳ ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಎಂಬ ಔಷಧದ ಅಣು ಥಯಮಿನ್ನನ್ನು ಹೋಲುತ್ತದೆ. ಅಳತೆ ಮೀರಿ ಕೊಟ್ಟರೆ ಕೋಳಿಗೆ ಥಯಮಿನ್ ದಕ್ಕದಂತೆ ಮಾಡುತ್ತದೆ. ಆ ಹಾಳೆಯೊಂದಿಗೆ ಕೋಳಿಯನ್ನು ಪಶುವೈದ್ಯರ ಬಳಿಗೆ ಒಯ್ಯಿರಿ. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಬರಿಗೈಯಿಂದ ಮುಟ್ಟದೆ ಕೂಡಲೇ ಪಶುವೈದ್ಯ ಇಲಾಖೆಗೆ ತಿಳಿಸಿ.

ಶಿಕ್ಷಕರಿಗೆ ಒಂದು ಮಾತು. ಐಕ್‌ಮನ್ನರ ಪ್ರಯೋಗವನ್ನು ಯಾವ ಕೋಳಿಯ ಮೇಲೂ ಮತ್ತೆ ಮಾಡುವ ಅಗತ್ಯವಿಲ್ಲ. ಹಿಡಿ ಪಾಲಿಶ್ ಅಕ್ಕಿ, ಹಿಡಿ ಕೆಂಪಕ್ಕಿ, ಹಿಡಿ ಕುಚ್ಚಲಕ್ಕಿ ತಂದು ಭೂತಕನ್ನಡಿಯಲ್ಲಿ ತೋರಿಸಿ. ಮಿಲ್ಲಿನಿಂದ ಒಂದಿಷ್ಟು ತೌಡನ್ನೂ ತನ್ನಿ. ವೋರ್ಡರ್‌ಮನ್ನರ ಅಂಕಿಗಳನ್ನು ಕೊಟ್ಟು, ಶೇಕಡಾವಾರು ಹಾಕಲು ಹೇಳಿ. ಅಕ್ಕಿಯನ್ನು ಏಳು ಬಾರಿ ತೊಳೆದು, ಗಂಜಿ ಬಸಿದು ಚೆಲ್ಲುವಾಗ ನೀರಿನಲ್ಲಿ ಕರಗುವ ಸತ್ವ ಎಲ್ಲಿಗೆ ಹೋಗುತ್ತದೆಂದು ಅವರೇ ಹೇಳಲಿ.

ನಮ್ಮ ಹಳ್ಳಿಗಳಲ್ಲಿ ಕೋಳಿಗೆ ತೌಡು, ನುಚ್ಚು ಕಲಸಿ ಹಾಕುವ ಅಜ್ಜಿಯರು ಬಿಳಿ ಅನ್ನವನ್ನು ಮನೆಮಂದಿಗೆ ಬಡಿಸುತ್ತಾರೆ. ಅವರಲ್ಲಿ ಯಾರನ್ನಾದರೂ ನಿಮ್ಮ ವಿದ್ಯಾರ್ಥಿಗಳು ಮಾತನಾಡಿಸಲಿ. ಕೋಳಿಗೆ ಯಾವಾಗ, ಏನನ್ನು, ಏಕೆ ಹಾಕುತ್ತಾರೆಂದು ಕೇಳಿ ಬರೆದುಕೊಳ್ಳಲಿ. ಬಟೇವಿಯದಲ್ಲಿ ಆ ಪ್ರಶ್ನೆಯನ್ನು ಕೇಳುವಷ್ಟರಲ್ಲಿ ಐದು ತಿಂಗಳು ಕಳೆದುಹೋಗಿದ್ದವು.